ಟಿಕ್ ಟಿಕ್ ಎನ್ನುವ ಡಿಸ್ಕ್: ಮೊದಲು ಅಡಾಪ್ಟರ್ ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಟಿವಿ ರೆಕಾರ್ಡರ್ ಮತ್ತು ಸಿಸಿಟಿವಿ ಡಿವಿಆರ್‌ಗಳಿಗೆ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಜೋಡಿಸುವ ಹಾರ್ಡ್ ಡಿಸ್ಕಿನವು. ದೂರು ಬೇರೆ ಬೇರೆ, ಆದರೆ ಅರ್ಧಕ್ಕರ್ಧ ಪತ್ರಗಳಲ್ಲಿ ಡಿಸ್ಕಿನ ತಪ್ಪೇನೂ ಇಲ್ಲ.

ಪ್ರಶ್ನೆ: ಡಿಟಿಎಚ್ ಬಾಕ್ಸಿಗೆ 1 ಟಿಬಿ ಪೋರ್ಟಬಲ್ ಡಿಸ್ಕ್ ಹಾಕಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ. ಬಾಕ್ಸಿಗೆ ಚುಚ್ಚಿದರೆ ಟಿಕ್ ಟಿಕ್ ಸದ್ದು, ಒಮ್ಮೆ ಕಾಣಿಸಿ ಮಾಯ. ಕರೆಂಟು ಹೋಗಿ ಬಂದ ಮೇಲಂತೂ ಗುರುತೇ ಹಿಡಿಯುವುದಿಲ್ಲ. ಡಿಸ್ಕ್ ಕೆಟ್ಟಿದೆಯೇ? ಸ್ಟೆಬಿಲೈಸರ್ ಹಾಕಬೇಕೇ?
— ಸಾಗರ ತಾಲ್ಲೂಕಿನಿಂದ

ಉತ್ತರ: ಲ್ಯಾಪ್‌ಟಾಪಿನಲ್ಲಿ ಓಡುತ್ತದೆ ಎಂದ ಮೇಲೆ ಡಿಸ್ಕನ್ನು ಸದ್ಯಕ್ಕೆ ಬಿಟ್ಟುಬಿಡಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪ್, ಯುಎಸ್‌ಬಿ 3.0 ಆದರೆ 900. ಎರಡೂವರೆ ಇಂಚಿನ ಡಿಸ್ಕಿನ ತಟ್ಟೆ ನಿಂತಲ್ಲಿಂದ ತಿರುಗಲು ಶುರುಮಾಡುವ ಕೆಲವು ಸೆಕೆಂಡು 700 ಮಿಲಿಆಂಪ್‌ನಿಂದ 1 ಆಂಪ್‌ವರೆಗೂ ಎಳೆಯುತ್ತದೆ. ಬಾಕ್ಸಿನ ಪೋರ್ಟಿಗೆ ಅಷ್ಟು ಶಕ್ತಿಯಿಲ್ಲದಿದ್ದರೆ ತಟ್ಟೆ ವೇಗ ಹಿಡಿಯುವ ಮೊದಲೇ ವೋಲ್ಟೇಜ್ ಕುಸಿಯುತ್ತದೆ, ಡಿಸ್ಕ್ ಮತ್ತೆ ಮೊದಲಿನಿಂದ ಪ್ರಯತ್ನಿಸುತ್ತದೆ. ಆ ಟಿಕ್ ಟಿಕ್ ಅದೇ. ಲ್ಯಾಪ್‌ಟಾಪಿನಲ್ಲೂ ಅದೇ ಸದ್ದು ಬಂದರೆ ಮಾತ್ರ ಡಿಸ್ಕಿನ ಮೇಲೆ ಅನುಮಾನ ಪಡಿ.

ಮೊದಲು ಕೇಬಲ್ ಬದಲಿಸಿ ನೋಡಿ. ಟಿವಿಯ ಹಿಂದಿನಿಂದ ಕಪಾಟಿನವರೆಗೆ ಎಳೆದ ತೆಳ್ಳನೆಯ ಎಕ್ಸ್‌ಟೆನ್ಷನ್ ಕೇಬಲೇ ಅರ್ಧ ವೋಲ್ಟ್ ನುಂಗಬಲ್ಲದು. ಡಿಸ್ಕಿನ ಜೊತೆ ಬಂದ ಗಿಡ್ಡ ಕೇಬಲನ್ನೇ ನೇರ ಬಾಕ್ಸಿಗೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಕೊಳ್ಳಿ. ಅಡಾಪ್ಟರಿನ ಮೇಲೆ 5 ವೋಲ್ಟ್, ಕನಿಷ್ಠ 2 ಆಂಪ್ ಎಂದಿರಲಿ. ಕೆಲವು ಬಾಕ್ಸುಗಳು ಹಬ್ ಒಪ್ಪುವುದಿಲ್ಲ. ಆಗ ಎರಡು ತಲೆಯ ವೈ ಕೇಬಲ್: ಒಂದು ತಲೆ ಬಾಕ್ಸಿಗೆ, ಇನ್ನೊಂದು 5 ವೋಲ್ಟ್ 2 ಆಂಪ್ ಮೊಬೈಲ್ ಚಾರ್ಜರಿಗೆ. ಇದ್ಯಾವುದೂ ಬೇಡವೆನ್ನುವವರಿಗೆ ತನ್ನದೇ 12 ವೋಲ್ಟ್ ಅಡಾಪ್ಟರ್ ಇರುವ ಮೂರೂವರೆ ಇಂಚಿನ ಡಿಸ್ಕ್ ಇದೆ. ಜಾಗ ಹೆಚ್ಚು ಹಿಡಿಯುತ್ತದೆ, ತಲೆನೋವು ಕಡಿಮೆ.

ಇಲ್ಲೊಂದು ಅಪಾಯ. ಬಾಕ್ಸಿನ 12 ವೋಲ್ಟ್ ಅಡಾಪ್ಟರಿಗೂ ಹಬ್ಬಿನ 5 ವೋಲ್ಟ್ ಅಡಾಪ್ಟರಿಗೂ ಎಷ್ಟೋ ಸಲ ಪಿನ್ ಒಂದೇ ಅಳತೆ. ಕತ್ತಲಲ್ಲಿ ಅದಲುಬದಲಾದರೆ ಹಬ್ಬೂ ಡಿಸ್ಕೂ ಒಟ್ಟಿಗೆ ಸುಟ್ಟುಹೋಗುತ್ತವೆ. ಎರಡಕ್ಕೂ ಬಣ್ಣದ ಟೇಪು ಸುತ್ತಿಡಿ.

ಸ್ಟೆಬಿಲೈಸರಿಗೆ ದುಡ್ಡು ಹಾಕಬೇಡಿ. ಅಡಾಪ್ಟರಿನ ಬೆನ್ನಲ್ಲಿ 100–240 ವೋಲ್ಟ್ ಎಂದು ಬರೆದಿದ್ದರೆ ಸಂಜೆಯ 160 ವೋಲ್ಟಿನಲ್ಲೂ ಅದು ತನ್ನ 5 ಅಥವಾ 12 ವೋಲ್ಟ್ ಕೊಟ್ಟೇ ಕೊಡುತ್ತದೆ. ಡಿಸ್ಕಿಗೆ ಪೆಟ್ಟು ಬೀಳುವುದು ಬರೆಯುತ್ತಿರುವಾಗಲೇ ಕರೆಂಟು ಹೋಗಿ ಬಂದು ಆಟವಾಡಿದಾಗ. ಬಾಕ್ಸು ಮತ್ತು ಹಬ್ಬು ಎರಡೂ ಇನ್ವರ್ಟರ್ ಲೈನಿನ ಒಂದೇ ಬೋರ್ಡಿನಲ್ಲಿರಲಿ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ (ಕರೆಂಟು ಹೋದೊಡನೆ ಬೇಗ ಬ್ಯಾಟರಿಗೆ ಬದಲಾಗುವ ಆಯ್ಕೆ) ಸ್ವಿಚ್ ಇದ್ದರೆ ಅದಕ್ಕೆ ತಿರುಗಿಸಿ. ಬಾಕ್ಸು ಇನ್ವರ್ಟರಿನಲ್ಲಿ, ಹಬ್ಬು ಸಾದಾ ಲೈನಿನಲ್ಲಿ ಎಂಬ ಏರ್ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಕರೆಂಟು ಬಂದ ಮೇಲೆ ಗುರುತು ಹಿಡಿಯದಿರುವುದಕ್ಕೆ ಮಾಮೂಲಿ ಕಾರಣ, ಡಿಸ್ಕ್ ವೇಗ ಹಿಡಿಯುವ ಮೊದಲೇ ಬಾಕ್ಸ್ ಅದನ್ನು ಹುಡುಕಿ ಮುಗಿಸಿರುತ್ತದೆ. ಬಾಕ್ಸ್ ಪೂರ್ತಿ ಏಳಲಿ, ಡಿಸ್ಕ್ ಕೇಬಲ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿ. ಕೀಳುವಾಗ ರೆಕಾರ್ಡಿಂಗ್ ನಡೆಯುತ್ತಿರಬಾರದು.

ಪ್ರಶ್ನೆ: ಫ್ರೀ ಡಿಶ್ ಬಾಕ್ಸಿನಲ್ಲಿ ಯಕ್ಷಗಾನ ರೆಕಾರ್ಡ್ ಮಾಡಲು ಇಟ್ಟರೆ ಎರಡೂಕಾಲು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದೆ. ಡಿಸ್ಕಿನಲ್ಲಿ ಇನ್ನೂ 400 ಜಿಬಿ ಖಾಲಿ ಇದೆ.
— ತೀರ್ಥಹಳ್ಳಿಯಿಂದ

ಉತ್ತರ: ಡಿಸ್ಕ್ ಫ್ಯಾಟ್32 ಫಾರ್ಮ್ಯಾಟಿನಲ್ಲಿದೆ, ಅಂದರೆ ಕಡತಗಳನ್ನು ಜೋಡಿಸಿಡುವ ಹಳೆಯ ಪದ್ಧತಿಯಲ್ಲಿ. ಅದರಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. ಸೆಕೆಂಡಿಗೆ 4 ಮೆಗಾಬಿಟ್ ಹರಿವಿನ ಚಾನೆಲ್ ಗಂಟೆಗೆ 1.8 ಜಿಬಿ ತಿನ್ನುತ್ತದೆ. ನಿಮ್ಮ ಲೆಕ್ಕ ಸರಿಯಾಗಿ ಅಲ್ಲಿಗೇ ಬರುತ್ತದೆ, ಭಾಗವತರು ಪದ ಎತ್ತಿದ ಹೊತ್ತಿಗೇ ಕಡತ ತುಂಬಿರುತ್ತದೆ. ಒಳ್ಳೆಯ ಬಾಕ್ಸುಗಳು ಕಡತವನ್ನು ತುಂಡು ತುಂಡಾಗಿಸಿ ಮುಂದುವರಿಸುತ್ತವೆ, ನಿಮ್ಮದು ಹಾಗಿಲ್ಲ. ಎನ್‌ಟಿಎಫ್‌ಎಸ್‌ ಎಂಬ ಇನ್ನೊಂದು ಪದ್ಧತಿಗೆ ಫಾರ್ಮ್ಯಾಟ್ ಮಾಡಿ ಐದು ನಿಮಿಷ ರೆಕಾರ್ಡ್ ಮಾಡಿ ನೋಡಿ. ಕೆಲವು ಬಾಕ್ಸುಗಳು ಎನ್‌ಟಿಎಫ್‌ಎಸ್ ಓದುತ್ತವೆ, ಬರೆಯುವುದಿಲ್ಲ. ಹಾಗಾದರೆ ಟೈಮರಿನಲ್ಲಿ ಎರಡೆರಡು ಗಂಟೆಯ ಕಂತುಗಳನ್ನು ಸಾಲಾಗಿ ಇಡುವುದೊಂದೇ ದಾರಿ. ಫಾರ್ಮ್ಯಾಟ್ ಮಾಡಿದರೆ ಇದ್ದದ್ದೆಲ್ಲ ಅಳಿಯುತ್ತದೆ. ಹಳೆಯ ಪ್ರಸಂಗಗಳನ್ನು ಮೊದಲೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ.

ಪ್ರಶ್ನೆ: ಅಡಿಕೆ ಅಂಗಳಕ್ಕೆ 4 ಕ್ಯಾಮೆರಾ ಹಾಕಿಸಿದ್ದೇವೆ. 30 ದಿನದ ದೃಶ್ಯ ಬೇಕೆಂದು ಡಿವಿಆರ್‌ನ ಯುಎಸ್‌ಬಿಗೆ 2 ಟಿಬಿ ಡಿಸ್ಕ್ ಹಾಕಿದರೂ ಅದರಲ್ಲಿ ಏನೂ ದಾಖಲಾಗುತ್ತಿಲ್ಲ. ಒಳಗಿನ 1 ಟಿಬಿ ಡಿಸ್ಕಿನಲ್ಲೂ ಹಗಲಿನದು ಇದೆ, ರಾತ್ರಿಯದು ಮಧ್ಯೆ ಮಧ್ಯೆ ಇಲ್ಲ.
— ಹೊಸನಗರ ತಾಲ್ಲೂಕಿನಿಂದ

ಉತ್ತರ: ಇಲ್ಲಿ ಎರಡು ತೊಂದರೆಗಳಿವೆ. ಸಾಮಾನ್ಯ ಡಿವಿಆರ್‌ಗಳ ಯುಎಸ್‌ಬಿ ಪೋರ್ಟ್ ಇರುವುದು ಮೌಸಿಗೆ ಮತ್ತು ಬೇಕಾದ ತುಣುಕನ್ನು ನಕಲು ತೆಗೆಯುವುದಕ್ಕೆ. ಸತತ ರೆಕಾರ್ಡಿಂಗ್ ಒಳಗೆ ಸಾಟಾ ಕೇಬಲಿನಲ್ಲಿ ಜೋಡಿಸಿದ ಡಿಸ್ಕಿಗೆ ಮಾತ್ರ. ಕೆಲವು ಮಾದರಿಗಳಲ್ಲಿ ಇ-ಸಾಟಾ (ಅದೇ ಜೋಡಣೆ, ಹೊರಗಿನ ಡಿಸ್ಕಿಗೆ) ಪೋರ್ಟ್ ಇರುತ್ತದೆ. ಅದಿದ್ದರೆ ಹೊರಗಿನ ಡಿಸ್ಕಿಗೆ ಬರೆಯಬಹುದು, ಕೇಬಲ್ 2 ಮೀಟರ್ ಮೀರಬಾರದು, ಡಿಸ್ಕಿಗೆ ಬೇರೆ ಅಡಾಪ್ಟರ್ ಬೇಕು.

ಲೆಕ್ಕ ಹೀಗೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಎಂದರೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86 ಜಿಬಿ, 30 ದಿನಕ್ಕೆ ಸುಮಾರು 2.6 ಟಿಬಿ. ನಿಮ್ಮ 1 ಟಿಬಿಗೆ ಹನ್ನೊಂದು ದಿನ ಬಂದರೆ ಹೆಚ್ಚು. ಡಿವಿಆರ್‌ನಲ್ಲಿ ಎಚ್.265 (ದೃಶ್ಯವನ್ನು ಹೆಚ್ಚು ಒತ್ತಿ ಚಿಕ್ಕದಾಗಿಸುವ ವಿಧಾನ) ಆಯ್ಕೆಯಿದ್ದರೆ ಅದನ್ನು ಹಾಕಿ, ಬಿಟ್‌ರೇಟನ್ನೂ (ಸೆಕೆಂಡಿನ ಹರಿವು) 1 ಮೆಗಾಬಿಟ್‌ಗೆ ಇಳಿಸಿ. ಎಚ್.265 ಮಾತ್ರ ಹಾಕಿ ಬಿಟ್‌ರೇಟನ್ನು ಹಾಗೇ ಬಿಟ್ಟರೆ ಒಂದು ಜಿಬಿಯೂ ಉಳಿಯದು. ಬಹಳ ಮಂದಿ ಎಡವುವುದು ಇಲ್ಲಿಯೇ. ಎರಡನ್ನೂ ಮಾಡಿದರೆ 30 ದಿನಕ್ಕೆ 1.3 ಟಿಬಿ ಸಾಕು, ಒಳಗೆ 2 ಟಿಬಿ ಡಿಸ್ಕ್ ಹಾಕಿಸಿದರೆ ಮುಗಿಯಿತು. ಅದು ಡಬ್ಲ್ಯುಡಿ ಪರ್ಪಲ್ ಅಥವಾ ಸೀಗೇಟ್ ಸ್ಕೈಹಾಕ್‌ನಂಥ ಸಿಸಿಟಿವಿಗೆಂದೇ ಮಾಡಿದ ಡಿಸ್ಕ್ ಆಗಿರಲಿ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಆಯ್ಕೆ ಬೇಸಿಗೆಗೆ ಸರಿ. ಜಡಿಮಳೆಯಲ್ಲಿ, ಕ್ಯಾಮೆರಾ ಮುಂದೆ ಜೇಡ ಬಲೆ ಕಟ್ಟಿದಾಗ, ಹಾತೆಗಳು ಮುತ್ತಿದಾಗ ಡಿವಿಆರ್‌ಗೆ ಎಲ್ಲವೂ ಚಲನೆಯೇ.

ರಾತ್ರಿಯ ಗುಟ್ಟು: ಕ್ಯಾಮೆರಾಗಳಿಗೂ ಡಿವಿಆರ್‌ಗೂ ಒಂದೇ ಅಡಾಪ್ಟರ್ ಕೊಟ್ಟಿದ್ದಾರೆಯೇ ನೋಡಿ. ಕತ್ತಲಾದೊಡನೆ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪಗಳು ಹೊತ್ತಿ ಹೆಚ್ಚು ಕರೆಂಟು ಎಳೆಯುತ್ತವೆ. 12 ವೋಲ್ಟ್ ಕುಸಿದಾಗ ಮೊದಲು ಕೈಕೊಡುವುದು ಡಿಸ್ಕಿನ ಮೋಟಾರು. ಕ್ಯಾಮೆರಾಗಳಿಗೆ 12 ವೋಲ್ಟ್ 5 ಆಂಪ್ ಪೆಟ್ಟಿಗೆ ಬೇರೆ, ಡಿವಿಆರ್‌ಗೆ ಅದರದೇ ಅಡಾಪ್ಟರ್ ಬೇರೆ ಕೊಡಿ. ಡಿವಿಆರ್‌ನ ತಾರೀಖನ್ನೂ ನೋಡಿಕೊಳ್ಳಿ. ಒಳಗಿನ ಸಿಆರ್2032 ನಾಣ್ಯದ ಸೆಲ್ ಸತ್ತಿದ್ದರೆ ಪ್ರತಿ ಸಲ ಕರೆಂಟು ಹೋದಾಗ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹಾರುತ್ತದೆ. ಇಲ್ಲವೆಂದುಕೊಂಡ ದೃಶ್ಯ ಆ ತಾರೀಖಿನ ಕೆಳಗೆ ಕೂತಿರುತ್ತದೆ.

ಪ್ರಶ್ನೆ: ಮಳೆ ಜೋರಾದಾಗ ರೆಕಾರ್ಡಿಂಗ್ ಚೌಕ ಚೌಕವಾಗಿ ಒಡೆಯುತ್ತದೆ. ಡಿಸ್ಕ್ ಬದಲಿಸಬೇಕೇ?
— ರಿಪ್ಪನ್‌ಪೇಟೆಯಿಂದ

ಉತ್ತರ: ಬೇಡ. ಉಪಗ್ರಹದಿಂದ ಡಿಶ್ಶಿಗೆ ಬರುವ ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆಗಳನ್ನು ದಟ್ಟ ಮಳೆ ಹೀರಿಕೊಳ್ಳುತ್ತದೆ, ಬಂದದ್ದನ್ನು ಡಿಸ್ಕ್ ಬರೆದುಕೊಳ್ಳುತ್ತದೆ. ಬಿಸಿಲಿನ ದಿನ ಮಾಡಿದ ರೆಕಾರ್ಡಿಂಗ್ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಮಾತ್ರ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ (ಓದಲಾಗದ ತುಣುಕು) ಇರಬಹುದು. ಬೇರೆ ಬೇರೆ ಜಾಗದಲ್ಲಿ ನಿಂತರೆ ಮೊದಲ ಉತ್ತರಕ್ಕೆ ಹೋಗಿ: ಕೇಬಲ್, ಅಡಾಪ್ಟರ್.

ಪ್ರಶ್ನೆ: ಮಳೆಗಾಲದಲ್ಲಿ ಡಿಸ್ಕನ್ನು ಎಲ್ಲಿಡಬೇಕು? ಅಟ್ಟದ ಮೇಲೆ ಬೆಚ್ಚಗಿರುತ್ತದಲ್ಲ?
— ಆಗುಂಬೆ ಹೋಬಳಿಯಿಂದ

ಉತ್ತರ: ಅಟ್ಟಕ್ಕೆ ಮೆಣಸು, ಅಡಿಕೆ ಸಾಕು. ಹೊಗೆ ಮಸಿ ಕನೆಕ್ಟರಿಗೆ ಕೂರುತ್ತದೆ. ಬಳಸದ ಡಿಸ್ಕನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ವಾರಕ್ಕೊಮ್ಮೆ ಹೊರತೆಗೆದು ಒಂದು ಗಂಟೆ ಓಡಿಸಿ. ದಿನವೂ ಓಡುವ ಡಿಸ್ಕಿಗೆ ಅದರ ಬಿಸಿಯೇ ಕಾವಲು. ಹೊರಪೆಟ್ಟಿಗೆಯಿಂದ ತೆಗೆದ ಡಿಸ್ಕಿನ ಮೇಲೆ ಸೂಜಿಮೊನೆಯಷ್ಟು ಗಾಳಿ ರಂಧ್ರ ಕಂಡರೆ ಅದರ ಮೇಲೆ ಸ್ಟಿಕ್ಕರ್ ಹಚ್ಚಬೇಡಿ. ಗುಡುಗು ಶುರುವಾದರೆ ಪ್ಲಗ್ಗಿನ ಜೊತೆ ಡಿಶ್ಶಿನ ಕೇಬಲನ್ನೂ ಕೀಳಿ. ಸಿಡಿಲಿಗೆ ಆ ದಾರಿಯೂ ಇದೆ.

ಪ್ರಶ್ನೆ: ಡಿಟಿಎಚ್ ಬಾಕ್ಸ್ ಬದಲಿಸಿಕೊಟ್ಟರು. ಹಳೆಯ ರೆಕಾರ್ಡಿಂಗ್ ಹೊಸದರಲ್ಲಿ ಕಾಣುತ್ತಿಲ್ಲ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲೇ ಎನ್ನುತ್ತದೆ.
— ಶಿವಮೊಗ್ಗ ನಗರದಿಂದ

ಉತ್ತರ: ಫಾರ್ಮ್ಯಾಟ್ ಒತ್ತಬೇಡಿ, ಡಿಸ್ಕ್ ಖಾಲಿಯಾಗಿಲ್ಲ. ಇಂಥ ಬಾಕ್ಸುಗಳು ರೆಕಾರ್ಡಿಂಗನ್ನು ತಮ್ಮದೇ ಬೀಗ ಹಾಕಿ ಬರೆಯುತ್ತವೆ. ಆ ಬೀಗದ ಕೀಲಿ ಹಳೆಯ ಬಾಕ್ಸಿನೊಳಗಿದೆ. ಅದನ್ನು ಇನ್ನೂ ಹಿಂದಿರುಗಿಸಿಲ್ಲವಾದರೆ ಡಿಸ್ಕನ್ನು ಅದಕ್ಕೇ ಜೋಡಿಸಿ, ನೋಡಬೇಕಾದ್ದನ್ನು ನೋಡಿ ಮುಗಿಸಿ, ಆಮೇಲೆ ಹೊಸ ಬಾಕ್ಸಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.