ಟೀಚರಮ್ಮನ ಹತ್ರ ಕೇಳಿ: ಸಿಸ್ಟರ್‌ಗಳ ಸ್ಕೂಲು, ಜೂನ್ ತಿಂಗಳ ಪ್ರಶ್ನೆಗಳು

ಸ್ಕೂಲ್ ಶುರುವಾದ ಮೇಲೆ ಬಂದ ಕಾಗದಗಳಲ್ಲಿ ಈ ಸಲ ಜಾಸ್ತಿ ಪಾಲು ಫಾದರ್, ಸಿಸ್ಟರ್‌ಗಳು ನಡೆಸೋ ಪ್ರೈಮರಿ ಸ್ಕೂಲ್‌ಗಳ ಬಗ್ಗೇನೇ. ನಾನೂ ಕೋಲಾರದ ಕಡೆ ಅಂಥ ಸ್ಕೂಲಲ್ಲೇ ಪಾಠ ಮಾಡಿ ರಿಟೈರ್ ಆದವಳು, ಆದ್ರೆ ಕ್ರಿಶ್ಚಿಯನ್ ಅಲ್ಲ, ಅದಕ್ಕೆ ಎರಡೂ ಕಡೆಯವರ ಹತ್ರ ಬೈಸ್ಕೊಂಡು ಅಭ್ಯಾಸ ಇದೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಬರೆದಿರೋದ್ರಿಂದ ಎಲ್ಲರದ್ದೂ ಬರೀ ಊರಿನ ಹೆಸರು ಹಾಕಿದೀನಿ.

ಪ್ರಶ್ನೆ: ಟೀಚರ್, ಮಗಳನ್ನ ಈ ವರ್ಷ ಸಿಸ್ಟರ್‌ಗಳ ಸ್ಕೂಲಿಗೆ ಒಂದನೇ ಕ್ಲಾಸಿಗೆ ಸೇರಿಸಿದೀವಿ. ಸ್ಕೂಲ್ ಶುರುವಾಗಿ ಇನ್ನೂ ಎಷ್ಟು ದಿನ ಆಯ್ತು, ಆಗಲೇ ಊಟಕ್ಕೆ ಕೂತ್ರೆ ಹಣೆ, ಎದೆ, ಎರಡೂ ಭುಜ ಮುಟ್ಕೊಂಡು ಏನೋ ಹೇಳಿ ಆಮೇಲೆ ಮುದ್ದೆಗೆ ಕೈ ಹಾಕ್ತಾಳೆ. ನಮ್ಮತ್ತೆ ಅವತ್ತಿಂದ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ, ಬಿಡಿಸಿ ಬೇರೆ ಕಡೆ ಹಾಕಿ ಅಂತಾರೆ. ಫೀಸ್ ಬೇರೆ ಕಟ್ಟಿ ಆಗಿದೆ. ಏನ್ ಮಾಡ್ಲಿ? (ಶಿಡ್ಲಘಟ್ಟ)

ಉತ್ತರ: ಮೊದಲು ಅತ್ತೆಯವರಿಗೆ ಒಂದು ಮಾತು ಹೇಳಿ, ಮಗು ಜಾತಿ ಬದಲಾಯಿಸ್ತಿಲ್ಲ, ಕ್ಲಾಸಲ್ಲಿ ಸುತ್ತ ಕೂತಿರೋ ಮಕ್ಕಳು ಮಾಡಿದ್ದನ್ನ ಮಾಡ್ತಿದೆ ಅಷ್ಟೇ. ಮಧ್ಯಾಹ್ನ ಬೆಲ್ ಹೊಡೆದ ತಕ್ಷಣ ಎಲ್ಲರೂ ಬಾಕ್ಸ್ ಮುಚ್ಚಳ ತೆಗೀದೆ ಎದ್ದು ನಿಂತ್ಕೊಂಡು ಪಿತ, ಸುತ, ಪವಿತ್ರಾತ್ಮ ಅಂತ ಶಿಲುಬೆ ಗುರುತು ಹಾಕಿ ಊಟದ ಪ್ರಾರ್ಥನೆ ಹೇಳ್ತಾರೆ, ಅದು ಮುಗಿಯೋವರೆಗೂ ಮುಚ್ಚಳ ತೆಗೆಯಂಗಿಲ್ಲ. ಆರು ವರ್ಷದ ಮಗುವಿನ ಲೆಕ್ಕದಲ್ಲಿ ಅದು ಊಟ ಸಿಗೋ ದಾರಿ, ಕೈ ತೊಳ್ಕೊಳ್ಳೋ ಹಾಗೆ. ನಮ್ಮ ಸ್ಕೂಲಲ್ಲಿ ಮುಸ್ಲಿಂ ಮಕ್ಕಳು, ಗೌಡ್ರ ಮಕ್ಕಳು, ಆಚಾರಿ ಮಕ್ಕಳು ಎಲ್ಲ ಹಾಗೇ ಹೇಳೋವ್ರು, ಏಳನೇ ಕ್ಲಾಸ್ ಮುಗಿಸಿ ಹೋದ್ಮೇಲೆ ಯಾರೂ ಹೇಳ್ತಿರಲಿಲ್ಲ.

ಆದ್ರೆ ಇಷ್ಟು ಹೇಳಿ ನಿಮ್ಮ ಬಾಯಿ ಮುಚ್ಚಿಸೋಕೆ ನಾನು ತಯಾರಿಲ್ಲ, ಯಾಕಂದ್ರೆ ನಿಮ್ಮ ಪ್ರಶ್ನೆ ಒಳಗೆ ನಿಜವಾದ ಒಂದು ಹಕ್ಕಿನ ವಿಷಯ ಇದೆ. ಸಂವಿಧಾನದ 28ನೇ ವಿಧಿ ಮೂರನೇ ಭಾಗ ಏನ್ ಹೇಳುತ್ತೆ ಅಂದ್ರೆ, ಸರ್ಕಾರದ ಮಾನ್ಯತೆ ಇರೋ ಅಥವಾ ಸರ್ಕಾರದ ಅನುದಾನ ತಗೊಳ್ಳೋ ಯಾವ ಸ್ಕೂಲಲ್ಲೇ ಆಗಲಿ, ಅಲ್ಲಿ ನಡೆಯೋ ಧಾರ್ಮಿಕ ಬೋಧನೆಗೆ ಕೂರಲೇಬೇಕು, ಪೂಜೆ ಪ್ರಾರ್ಥನೆಗೆ ಬರಲೇಬೇಕು ಅಂತ ಬಲವಂತ ಮಾಡಂಗಿಲ್ಲ, ಮಗು ಚಿಕ್ಕದಾದ್ರೆ ತಂದೆ ತಾಯಿ ಒಪ್ಪಿಗೆ ಬೇಕು. 30ನೇ ವಿಧಿ ಪ್ರಕಾರ ಅಲ್ಪಸಂಖ್ಯಾತರಿಗೆ ತಮ್ಮ ಸ್ಕೂಲ್ ಕಟ್ಟಿ ನಡೆಸೋ ಹಕ್ಕು ಇದೆ, ಅದೂ ನಿಜ, ಇದೂ ನಿಜ, ಎರಡೂ ಒಂದೇ ಪುಸ್ತಕದಲ್ಲಿದೆ. ಅದಕ್ಕೇ ಅಡ್ಮಿಶನ್ ಫಾರಂ ಕಾಪಿ ಇದ್ರೆ ತೆಗೆದು ಹಿಂದಿನ ಪುಟ ಓದಿ, ಅಲ್ಲಿ ಸಣ್ಣ ಅಕ್ಷರದಲ್ಲಿ ಏನಕ್ಕೆಲ್ಲ ಒಪ್ಪಿಗೆ ಅಂತ ಸೈನ್ ಹಾಕಿದೀರ ನೋಡ್ಕೊಳ್ಳಿ, ನಮ್ಮಲ್ಲಿ ಅದನ್ನ ಓದೋವ್ರು ನೂರಕ್ಕೆ ಒಬ್ಬರೂ ಇಲ್ಲ.

ಇನ್ನೊಂದು ವಿಷಯ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. 2024ರಲ್ಲಿ ಸಿಬಿಸಿಐ, ಅಂದ್ರೆ ಇಡೀ ದೇಶದ ಕ್ಯಾಥೊಲಿಕ್ ಬಿಷಪ್‌ಗಳ ಸಂಸ್ಥೆ, ತನ್ನ ಸ್ಕೂಲ್‌ಗಳಿಗೆ ಮಾರ್ಗಸೂಚಿ ಕಳಿಸಿತ್ತು. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಕ್ರೈಸ್ತ ಸಂಪ್ರದಾಯ ಹೇರಬೇಡಿ, ಬೆಳಿಗ್ಗೆ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಅಂತ ಅದರಲ್ಲಿ ಇತ್ತು. ಅಂದ್ರೆ ನೀವು ಹೋಗಿ ಕೇಳಿದ್ರೆ ಅದು ಸ್ಕೂಲಿನ ಮೇಲೆ ಜಗಳಕ್ಕೆ ಹೋದಂಗೆ ಅಲ್ಲ, ಅವರ ಮೇಲಿನವರೇ ಹೇಳಿರೋ ಮಾತನ್ನೇ ನೀವೂ ಹೇಳ್ತಿರೋದು.

ಕೇಳೋದು ಹೇಗೆ? ವಾಟ್ಸಾಪ್ ಗ್ರೂಪಲ್ಲಿ ಮಾತ್ರ ಹಾಕಬೇಡಿ. ಅಲ್ಲಿ ಹಾಕಿದ್ರೆ ಸಾಯಂಕಾಲದೊಳಗೆ ನಿಮಗೆ ಪರಿಚಯಾನೇ ಇಲ್ಲದ ಯಾರೋ ಬಂದು ಗೇಟ್ ಮುಂದೆ ನಿಂತಿರ್ತಾರೆ, ಆಮೇಲೆ ನಿಮ್ಮ ಮಗಳು ಅದೇ ಗೇಟಲ್ಲಿ ಒಳಗೆ ಹೋಗಬೇಕು. ಕ್ಲಾಸ್ ಟೀಚರ್‌ನ ನೋಡಿ, ಆಮೇಲೆ ಹೆಡ್‌ಮಿಸ್. ಸಾಮಾನ್ಯವಾಗಿ ಈ ಸ್ಕೂಲ್‌ಗಳಲ್ಲಿ ಕ್ಯಾಥೊಲಿಕ್ ಮಕ್ಕಳು ಕ್ಯಾಟಕಿಸಂ, ಅಂದ್ರೆ ಅವರ ಧರ್ಮದ ಪಾಠಕ್ಕೆ ಅಂತ ಒಂದು ರೂಮಿಗೆ ಹೋಗ್ತಾರೆ, ಉಳಿದವರಿಗೆ ಅದೇ ಪೀರಿಯಡ್‌ನಲ್ಲಿ ಮಾರಲ್ ಸೈನ್ಸ್. ಮಾರಲ್ ಸೈನ್ಸ್ ಪುಸ್ತಕ ತರಿಸಿ ನೋಡಿ, ಸುಳ್ಳು ಹೇಳಬಾರದು, ಪಕ್ಕದವರ ರಬ್ಬರ್ ಕದೀಬಾರದು, ಅಜ್ಜಿ ತಾತನ ಮಾತು ಕೇಳಬೇಕು ಅಂತಾನೇ ಇರುತ್ತೆ, ಕೊನೇದು ನಿಮ್ಮತ್ತೆಗೆ ತೋರಿಸಿ. ನಿಮಗೆ ಶಿಲುಬೆ ಗುರುತೂ ಬೇಡ ಅನ್ಸಿದ್ರೆ ‘ಧಾರ್ಮಿಕ ಬೋಧನೆ ಮತ್ತು ಪ್ರಾರ್ಥನಾ ವಿಧಿಗಳಲ್ಲಿ ನಮ್ಮ ಮಗು ಭಾಗವಹಿಸಲು ನಮ್ಮ ಒಪ್ಪಿಗೆ ಇರುವುದಿಲ್ಲ, ಆ ಹೊತ್ತಿನಲ್ಲಿ ಸುಮ್ಮನೆ ನಿಲ್ಲಲು ಅವಕಾಶ ಕೊಡಬೇಕು’ ಅಂತ ಎರಡು ಸಾಲು ಬರೆದು, ತಂದೆ ತಾಯಿ ಇಬ್ಬರೂ ಸೈನ್ ಹಾಕಿ ಆಫೀಸಲ್ಲಿ ಕೊಟ್ಟು, ಜೆರಾಕ್ಸ್ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಮಗುಗೆ ಮಾತ್ರ ಬೈಬೇಡಿ. ಅತ್ತೆಯವರಿಗೆ ಬೇಜಾರಿದ್ರೆ ಮನೇಲಿ ಊಟಕ್ಕೆ ಮುಂಚೆ ಅವರೇ ಒಂದು ಶ್ಲೋಕ ಹೇಳ್ಕೊಡ್ಲಿ, ಕಲಿಯೋಕೆ ಮಗು ರೆಡಿ ಇದೆ ಅಂತ ಈಗಾಗಲೇ ಗೊತ್ತಾಯ್ತಲ್ಲ.

ಪ್ರಶ್ನೆ: ಅದೇ ಥರ ಸ್ಕೂಲಲ್ಲಿ ಹೂವು, ಬಳೆ, ಕುಂಕುಮ ಬೇಡ ಅಂತಾರೆ. ಇದು ಸರೀನಾ? (ಚಿಕ್ಕಬಳ್ಳಾಪುರ)

ಉತ್ತರ: ಮೂರನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ. ಗಾಜಿನ ಬಳೆ ಬೇಡ ಅಂದ್ರೆ ನಾನು ಸ್ಕೂಲ್ ಕಡೆ, ಕುಂಟಾಬಿಲ್ಲೆ ಆಡುವಾಗ ಬಿದ್ದು ಬಳೆ ಒಡೆದು ಮಣಿಕಟ್ಟು ಕುಯ್ಕೊಂಡ ಮಕ್ಕಳಿಗೆ ಹತ್ತಿ ಒತ್ತಿದವಳು ನಾನು. ಹೂವು ಬೇಡ ಅನ್ನೋದು ಸರ್ಕಾರಿ ಸ್ಕೂಲಲ್ಲಿ ಇಲ್ಲದ ರೂಲು, ಯಾಕೆ ಅಂತ ಕೇಳಿ. ಕುಂಕುಮಕ್ಕೆ ಶಿಕ್ಷೆ ಕೊಟ್ರೆ ಮಾತ್ರ ಸುಮ್ಮನಿರಬೇಡಿ, ರಾಖಿ, ತಿಲಕ, ಮೆಹಂದಿ ಹಾಕ್ಕೊಂಡು ಬಂದ ಮಕ್ಕಳನ್ನ ಶಿಕ್ಷಿಸಬಾರದು ಅಂತ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆದಿದೆ.

ಪ್ರಶ್ನೆ: ನಮ್ಮ ಮನೇಲಿ ಮಾತಾಡೋದು ತೆಲುಗು. ಮಗ ಎಲ್‌ಕೆಜಿ ಯುಕೆಜಿ ಮಾಡಿಲ್ಲ, ನೇರ ಒಂದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕ್ಲಾಸಲ್ಲಿ ಬಾಯೇ ಬಿಡಲ್ಲ ಅಂತ ಮಿಸ್ ಹೇಳ್ತಾರೆ. ಮನೇಲೂ ಇಂಗ್ಲಿಷಲ್ಲೇ ಮಾತಾಡಿ ಅಂತಾರೆ. ನಮಗೆ ಬರಲ್ಲ. (ಮುಳಬಾಗಿಲು)

ಉತ್ತರ: ಬರದೇ ಇರೋ ಇಂಗ್ಲಿಷಲ್ಲಿ ಮಗು ಜೊತೆ ಮಾತಾಡೋಕೆ ಹೋದ್ರೆ ಮನೇಲಿ ‘ಕಮ್’, ‘ಸಿಟ್’, ‘ಈಟ್’ ಮೂರೇ ಮಾತು ಉಳಿಯುತ್ತೆ. ತೆಲುಗಲ್ಲೇ ಮಾತಾಡಿ, ಚೆನ್ನಾಗಿ ಮಾತಾಡಿ, ಕಥೆ ಹೇಳಿ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ತೆಲುಗು ಮನೆ, ಕನ್ನಡ ಬೀದಿ, ಇಂಗ್ಲಿಷ್ ಸ್ಕೂಲು ಅನ್ನೋದು ಹೊಸದೇನಲ್ಲ, ಕೆಜಿಎಫ್ ಕಡೆ ಅದಕ್ಕೆ ತಮಿಳೂ ಸೇರ್ಕೊಳ್ಳುತ್ತೆ, ಮಕ್ಕಳು ದಸರಾ ರಜೆ ಹೊತ್ತಿಗೆ ಎಲ್ಲದರಲ್ಲೂ ಜಗಳ ಆಡ್ತಿರ್ತಾವೆ.

ಮೊದಲ ವಾರ ಮಗು ಬಾಯಿ ಬಿಡದೇ ಇರೋದಕ್ಕೆ ನಾನು ನೋಡಿದ ಹಾಗೆ ಕಾರಣ ಎಷ್ಟೋ ಸಲ ಪಾಠ ಅಲ್ಲವೇ ಅಲ್ಲ, ಒಂದಕ್ಕೆ ಹೋಗಬೇಕು ಅಂತ ಕೇಳೋದು ಹೆಂಗೆ ಅಂತ ಗೊತ್ತಾಗದೆ ಕಾಲು ಜೋಡಿಸ್ಕೊಂಡು ಕೂತಿರುತ್ತೆ, ಆ ಕಡೆ ಬೋರ್ಡ್ ಮೇಲೆ ಎ ಫಾರ್ ಆಪಲ್ ನಡೀತಾ ಇರುತ್ತೆ. ನಾನು ಜೂನ್ ಮೊದಲ ದಿನ ಪ್ರತಿ ಅಮ್ಮನ್ನೂ ಕೇಳ್ತಿದ್ದೆ, ನಿಮ್ಮ ಮಗು ಒಂದಕ್ಕೆ ಏನಂತಾನೆ, ನೀರಿಗೆ ಏನಂತಾನೆ, ಹೊಟ್ಟೆ ನೋವಿಗೆ ಏನಂತಾನೆ, ಅಟೆಂಡೆನ್ಸ್ ಹಿಂದಿನ ಪುಟದಲ್ಲಿ ಪೆನ್ಸಿಲಲ್ಲಿ ಬರೆದಿಟ್ಕೊಳ್ತಿದ್ದೆ. ನೀವೂ ಈ ಮೂರು ಮಾತನ್ನ ಒಂದು ಚೀಟೀಲಿ ಬರೆದು ಮಿಸ್‌ಗೆ ಕೊಡಿ, ಆಯಾಗೂ ಹೇಳಿ, ಆಯಾಗೆ ತೆಲುಗು ಬಂದೇ ಬರುತ್ತೆ.

ಕನ್ನಡದ ಬಗ್ಗೆ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಯಾವ ಮೀಡಿಯಂ ಅನ್ನೋದು ತಂದೆ ತಾಯಿ ಆಯ್ಕೆ ಅಂತ 2014ರ ಮೇ 6ರಂದು ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ ಕೇಸಲ್ಲೇ ಹೇಳಿಬಿಟ್ಟಿದೆ, ಆದ್ರೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಮೀಡಿಯಂ ಯಾವುದೇ ಇರ್ಲಿ ಒಂದನೇ ಕ್ಲಾಸಿಂದ ಕನ್ನಡ ಒಂದು ಭಾಷೆಯಾಗಿ ಕಲಿಸಲೇಬೇಕು. ಹುಡುಗ ಮೊದಲು ಬಾಯಿ ಬಿಡೋದು ಆ ಪೀರಿಯಡ್‌ನಲ್ಲೇ ಇರಬಹುದು, ಕನ್ನಡ ಮಿಸ್‌ನ ಕೇಳಿ ನೋಡಿ.

ಪ್ರಶ್ನೆ: ಮೇಡಂ, ನಮ್ಮ ಮೊಮ್ಮಗಳು ಎರಡನೇ ಕ್ಲಾಸು. ಬ್ಯಾಗ್ ನಾನು ಎತ್ತಿದ್ರೇ ಭುಜ ಹಿಡ್ಕೊಳ್ತೈತೆ. ಇದಕ್ಕೆ ಕಾನೂನಿಲ್ವಾ? (ಗೌರಿಬಿದನೂರು)

ಉತ್ತರ: ಇದೆ ಸ್ವಾಮಿ. 2019ರಲ್ಲಿ ಶಿಕ್ಷಣ ಇಲಾಖೆ ಆದೇಶ ಮಾಡಿದೆ, ಒಂದು ಎರಡನೇ ಕ್ಲಾಸಿಗೆ ಒಂದೂವರೆಯಿಂದ 2 ಕೆಜಿ, ಮೂರರಿಂದ ಐದಕ್ಕೆ 2ರಿಂದ 3 ಕೆಜಿ. ಒಂದು ಎರಡನೇ ಕ್ಲಾಸಿಗೆ ಹೋಂವರ್ಕೇ ಕೊಡಂಗಿಲ್ಲ ಅಂತಾನೂ ಇದೆ, ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ ಅಂತಾನೂ ಇದೆ.

ಆದ್ರೆ ಸ್ಕೂಲಿಗೆ ಹೋಗೋಕೆ ಮುಂಚೆ ಬ್ಯಾಗನ್ನ ಅಂಗಡಿ ತೂಕದ ಮೇಲೆ ಇಟ್ಟು ಒಂದೊಂದೇ ಹೊರಗೆ ತೆಗೀರಿ. ಒಂದು ಲೀಟರ್ ನೀರಿನ ಬಾಟಲ್ ಅಂದ್ರೆ ನೀರೇ ಒಂದು ಕೆಜಿ, ಅಲ್ಲಿಗೆ ಅರ್ಧ ಲೆಕ್ಕ ಮುಗೀತು. ಸ್ಟೀಲ್ ಬಾಕ್ಸು ಎರಡು. ನಾಲ್ಕು ಕಂಪಾಸ್ ಬಾಕ್ಸ್ ಇಟ್ಕೊಂಡಿರೋ ಮಗುನೂ ನೋಡಿದೀನಿ. ಸ್ಕೂಲಲ್ಲಿ ಫಿಲ್ಟರ್ ನೀರು ಚೆನ್ನಾಗಿದ್ರೆ ಅರ್ಧ ಲೀಟರ್ ಬಾಟಲ್ ಸಾಕು. ಇದೆಲ್ಲ ತೆಗೆದ ಮೇಲೂ ಬರೀ ಪುಸ್ತಕಾನೇ 2 ಕೆಜಿ ದಾಟಿದ್ರೆ ಆಗ ಆ ತೂಕದ ಫೋಟೋ ತಗೊಂಡು ಹೆಡ್‌ಮಿಸ್ ಹತ್ರ ಹೋಗಿ, ಟೈಂಟೇಬಲ್ ಪ್ರಕಾರ ತರಿಸಿ ಅಂತ ಕೇಳಿ, ಕೇಳಲಿಲ್ಲ ಅಂದ್ರೆ ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸು.

ಪ್ರಶ್ನೆ: ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಫ್ರೀ ಸೀಟಿಗೆ ಅರ್ಜಿ ಹಾಕೋಕೆ ಹೋದ್ರೆ ನಮ್ಮೂರ ಕಾನ್ವೆಂಟ್ ಹೆಸರೇ ಲಿಸ್ಟಲ್ಲಿ ಬರ್ತಿಲ್ಲ. ದುಡ್ಡು ಕೊಟ್ಟು ತೆಗೆಸಿದಾರಾ? (ಬಂಗಾರಪೇಟೆ)

ಉತ್ತರ: ಇಲ್ಲಣ್ಣ, ದುಡ್ಡು ಬೇಕಾಗಿಲ್ಲ, ತೀರ್ಪೇ ಇದೆ. ಪ್ರಮತಿ ಟ್ರಸ್ಟ್ ಕೇಸಲ್ಲಿ, ಮೇಲೆ ಹೇಳಿದ್ನಲ್ಲ ಅದೇ 2014ರ ಮೇ 6ನೇ ತಾರೀಕು, ಅಲ್ಪಸಂಖ್ಯಾತರ ಸ್ಕೂಲ್‌ಗಳಿಗೆ ಆರ್‌ಟಿಇ ಕಾಯ್ದೆ ಅನ್ವಯ ಆಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು, ಅನುದಾನ ಇದ್ರೂ ಸರಿ ಇಲ್ದಿದ್ರೂ ಸರಿ. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಇಬ್ಬರು ಜಡ್ಜ್‌ಗಳು ಈ ತೀರ್ಪನ್ನ ಮತ್ತೆ ನೋಡಬೇಕು ಅಂತ ಚೀಫ್ ಜಸ್ಟಿಸ್‌ಗೆ ಕಳಿಸಿದಾರೆ, ಆದ್ರೆ ಕಳಿಸಿದ ಮಾತ್ರಕ್ಕೆ ತೀರ್ಪು ಬಿದ್ದುಹೋಗಲ್ಲ. ನನ್ನ ಸ್ವಂತ ಅಭಿಪ್ರಾಯ ಕೇಳಿದ್ರೆ ಬಡ ಮಕ್ಕಳಿಗೇ ಅಂತ ಶುರುವಾದ ಸ್ಕೂಲ್‌ಗಳು ಕಾನೂನು ಇಲ್ಲದೇ ಇದ್ರೂ ಒಂದಷ್ಟು ಸೀಟು ಬಿಡಬೇಕು, ಕೆಲವರು ಬಿಡ್ತಾರೆ ಕೂಡ. ಫೀಸ್ ಕಮ್ಮಿ ಮಾಡಿ ಅಂತ ಕರೆಸ್ಪಾಂಡೆಂಟ್‌ಗೆ, ಅಂದ್ರೆ ಸ್ಕೂಲಿನ ಆಡಳಿತ ನೋಡ್ಕೊಳ್ಳೋವ್ರಿಗೆ, ಒಂದು ಅರ್ಜಿ ಬರೆದು, ಇನ್‌ಕಂ ಸರ್ಟಿಫಿಕೇಟ್ ಲಗತ್ತಿಸಿ ನೇರವಾಗಿ ಕೊಡಿ, ಮಧ್ಯದಲ್ಲಿ ಯಾರನ್ನೂ ಹಿಡಿಯಬೇಡಿ.

ಪ್ರಶ್ನೆ: ನಾವು ಕ್ಯಾಥೊಲಿಕ್. ಮಗಳು ಈಗ ಮೂರನೇ ಕ್ಲಾಸು. ಮೊದಲ ಪರಮಪ್ರಸಾದಕ್ಕೆ (ಫಸ್ಟ್ ಕಮ್ಯುನಿಯನ್) ಸ್ಕೂಲಲ್ಲೇ ತಯಾರಿ ಮಾಡ್ತಾರಾ, ಚರ್ಚಲ್ಲಿ ಹೆಸರು ಕೊಡಬೇಕಾ? ಅವಳಿಗೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಆಗಿದ್ದು ಬೇರೆ ಊರಲ್ಲಿ. (ಕೆಜಿಎಫ್)

ಉತ್ತರ: ಈ ಪ್ರಶ್ನೆಯನ್ನ ನನ್ನ ಜೊತೆ ಕೆಲಸ ಮಾಡಿದ ಸಿಸ್ಟರ್ ಒಬ್ಬರಿಗೆ ಫೋನ್ ಮಾಡಿ ಕೇಳಿದೆ, ಹೇಳಿದ್ದನ್ನ ಹಾಗೇ ಬರೀತೀನಿ. ಸ್ಕೂಲಲ್ಲಿ ಕ್ಯಾಟಕಿಸಂ ಕಲಿತ್ರೂ ಹೆಸರು ಕೊಡಬೇಕಾಗಿರೋದು ನಿಮ್ಮ ಧರ್ಮಕೇಂದ್ರದಲ್ಲಿ, ಅಂದ್ರೆ ನೀವು ಸೇರಿರೋ ಚರ್ಚಲ್ಲಿ, ಮಗು ತಯಾರಾಗಿದೆಯಾ ಅಂತ ನೋಡೋ ಜವಾಬ್ದಾರಿ ತಂದೆ ತಾಯಿದು ಮತ್ತೆ ಅಲ್ಲಿನ ಗುರುಗಳದು. ಚರ್ಚಿನ ಕಾನೂನು ಪ್ರಕಾರ ಏಳು ವರ್ಷ ತುಂಬಿದ ಮಗುಗೆ ತಿಳುವಳಿಕೆ ಬಂತು ಅಂತ ಲೆಕ್ಕ, ಆದ್ರೆ ಯಾವ ಕ್ಲಾಸಲ್ಲಿ, ಎಷ್ಟು ತಿಂಗಳ ತರಬೇತಿ ಅನ್ನೋದು ಚರ್ಚಿಂದ ಚರ್ಚಿಗೆ ಬೇರೆ. ಜ್ಞಾನಸ್ನಾನದ ಸರ್ಟಿಫಿಕೇಟ್ ಆ ಊರಿನ ಚರ್ಚಿನ ರಿಜಿಸ್ಟರಲ್ಲಿ ನೋಡಿ ಕೊಡಬೇಕಾಗಿರೋದ್ರಿಂದ ಈಗಲೇ ಬರೆದು ತರಿಸ್ಕೊಳ್ಳಿ, ಮಾರ್ಚ್‌ನಲ್ಲಿ ಓಡಾಡಬೇಡಿ. ಬಿಳಿ ಫ್ರಾಕ್ ಆಮೇಲೆ ಹೊಲಿಸಿದ್ರಾಯ್ತು, ಮಗು ಬೆಳೆಯುತ್ತೆ.

ಪ್ರಶ್ನೆ: ಸಿಸ್ಟರ್‌ಗೆ ಮೇಡಂ ಅನ್ನಬೇಕಾ ಸಿಸ್ಟರ್ ಅನ್ನಬೇಕಾ? ಹಳೇ ಹೆಡ್‌ಮಿಸ್ ಒಳ್ಳೆಯವರಿದ್ರು, ಈ ವರ್ಷ ಇದ್ದಕ್ಕಿದ್ದಂಗೆ ಬೇರೆಯವರು ಬಂದಿದಾರೆ, ಏನಾದ್ರೂ ಗಲಾಟೆ ಆಯ್ತಾ? (ಚಿಂತಾಮಣಿ)

ಉತ್ತರ: ಸಿಸ್ಟರ್ ಅನ್ನಿ, ಅಮ್ಮ ಅಂದ್ರೂ ಬೇಜಾರು ಮಾಡ್ಕೊಳ್ಳಲ್ಲ. ಗಲಾಟೆ ಏನೂ ಇರಲ್ಲ, ಬ್ಯಾಂಕ್ ಮ್ಯಾನೇಜರ್‌ಗಳಿಗೆ ಆಗೋ ಹಾಗೆ ಇವರಿಗೂ ಟ್ರಾನ್ಸ್‌ಫರ್ ಇದೆ, ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲೇ ಆಗೋದು, ಕಳಿಸೋದು ಅವರ ಸಭೆಯ, ಅಂದ್ರೆ ಅವರು ಸೇರಿರೋ ಸನ್ಯಾಸಿನಿಯರ ಸಂಸ್ಥೆಯ ಹಿರಿಯರು. ಹಳೇ ಸಿಸ್ಟರ್ ಬಾಯಲ್ಲಿ ಕೊಟ್ಟಿದ್ದ ಮಾತು, ಅಂದ್ರೆ ಫೀಸ್ ಕಂತು, ವ್ಯಾನು, ಅಲರ್ಜಿ ಮಾತ್ರೆ ಇಂಥದ್ದೆಲ್ಲ ಹೊಸಬರಿಗೆ ಗೊತ್ತಿರಲ್ಲ, ಮತ್ತೆ ಹೋಗಿ ಹೇಳಿ, ಡೈರೀಲೂ ಬರೀರಿ.

ಪ್ರಶ್ನೆ: ನಮ್ಮ ಮಗನ ಸ್ಕೂಲ್ ಫಾದರ್‌ಗಳದ್ದೇ, ಆದ್ರೂ ಕ್ರಿಸ್‌ಮಸ್‌ಗೆ ಒಂದೇ ದಿನ ರಜೆ. ಊರಿಗೆ ಹೋಗಿ ಬರೋಕೂ ಆಗಲ್ಲ. ಮೊದಲೆಲ್ಲ ಹತ್ತು ದಿನ ಇರ್ತಿತ್ತಲ್ಲ? (ಕೊರಟಗೆರೆ)

ಉತ್ತರ: ಈಗ್ಲೇ ಕೇಳಿದ್ದು ಒಳ್ಳೇದಾಯ್ತು, ಎಲ್ಲರೂ ಡಿಸೆಂಬರಲ್ಲಿ ಕೇಳ್ತಾರೆ. ಇಲಾಖೆಯ ವಾರ್ಷಿಕ ವೇಳಾಪಟ್ಟೀಲಿ ದೊಡ್ಡ ರಜೆ ಅಂದ್ರೆ ದಸರಾ ಮತ್ತೆ ಬೇಸಿಗೆ ಮಾತ್ರ. ಕ್ರಿಸ್‌ಮಸ್ ರಜೆ ಬೇಕು ಅನ್ನೋ ಸ್ಕೂಲು ಡಿಡಿಪಿಐಗೆ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಮನವಿ ಕೊಟ್ರೆ, ದಸರಾ ರಜೆಯಲ್ಲಿ ಅಷ್ಟು ದಿನ ಕಮ್ಮಿ ಮಾಡಿ ಡಿಸೆಂಬರ್‌ಗೆ ಹಾಕ್ಕೊಳ್ಳೋಕೆ ಅವಕಾಶ ಕೊಡ್ತಾರೆ. ಅಂದ್ರೆ ತೀರ್ಮಾನ ದಸರಾಗಿಂತ ಮುಂಚೆ ಆಗಬೇಕು, ಆಮೇಲೆ ಕಡಿಯೋಕೆ ದಿನಾನೇ ಇರಲ್ಲ. ಬೇರೆ ಮಕ್ಕಳ ಮನೆಯವರು ದಸರಾ ರಜೆ ಬಿಟ್ಕೊಡೋಕೆ ಒಪ್ಪಲ್ಲ ಅಂತ ಎಷ್ಟೋ ಮ್ಯಾನೇಜ್‌ಮೆಂಟ್‌ನವರು ಕೇಳೋದನ್ನೇ ಬಿಟ್ಟಿರ್ತಾರೆ, ಆ ಮನೆಯವರದ್ದೂ ತಪ್ಪಲ್ಲ, ಆಯುಧಪೂಜೆಗೆ ಅವರಿಗೂ ಊರಿದೆ. ಮೊದಲ ಪೇರೆಂಟ್ಸ್ ಮೀಟಿಂಗಲ್ಲೇ ಈ ಮಾತು ಎತ್ತಿ, ದಸರಾದಲ್ಲಿ ಯಾವ ದಿನ ಬಿಡೋಕೆ ಆಗುತ್ತೆ ಯಾವ ದಿನ ಆಗಲ್ಲ ಅಂತ ಎಲ್ಲರ ಎದುರಿಗೇ ಮಾತಾಡ್ಕೊಳ್ಳಿ. ಇನ್ನೊಂದು, ಕೊರಟಗೆರೆ ಅಂದ್ಮೇಲೆ ನಿಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ, ಮನವಿ ಹೋಗಬೇಕಾಗಿರೋದು ಮಧುಗಿರಿ ಡಿಡಿಪಿಐಗೆ. ತುಮಕೂರಿಗೆ ಬಸ್ ಹತ್ತಬೇಡಿ.