ಬೊಂಡ ಒಯ್ಯುವ ಮೊದಲು ಕೇಳಿ

ಪ್ರಶ್ನೆ: ಪಕ್ಕದ ಮನೆಯವರಿಗೆ ಡಯಾಲಿಸಿಸ್ ಶುರುವಾಗಿದೆ. ‘ಎಂತ ಬೇಕಿದ್ರೂ ಹೇಳಿ ಅಕ್ಕ’ ಅಂತ ಅವರ ಹೆಂಡತಿಗೆ ಹೇಳಿದ್ದೇನೆ. ಅವರು ಏನೂ ಕೇಳುವುದಿಲ್ಲ. ನೋಡಲು ಹೋಗುವಾಗ ಎಂತ ಒಯ್ಯಲಿ, ಎಂತ ಮಾತಾಡಲಿ?
– ಓದುಗರು, ಸುರತ್ಕಲ್

ಉತ್ತರ: ಬಾಯಿಬಿಟ್ಟು ಕೇಳುವುದಕ್ಕೂ ತ್ರಾಣ ಬೇಕು. ದಿನ, ಹೊತ್ತು, ಕೆಲಸ ಮೂರನ್ನೂ ನೀವೇ ಹೇಳಿಬಿಡಿ: ‘ಅಕ್ಕ, ಶುಕ್ರವಾರ ಅಣ್ಣನನ್ನು ನಾನು ಕರ್ಕೊಂಡು ಹೋಗ್ತೇನೆ, ನೀವು ಸ್ವಲ್ಪ ಮಲಗಿ.’ ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ. ಹೋಗಿ ಬರುವುದೂ ಸೇರಿದರೆ ಹೆಂಡತಿಯ ದಿನವೇ ಹೋಯಿತು. ಮುಗಿದ ಮೇಲೆ ಬಿಪಿ ಇಳಿದು ತಲೆ ತಿರುಗುವುದುಂಟು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸಿನಲ್ಲಿ ನಿಂತು ಬರುವುದು, ಸ್ಕೂಟರಿನ ಹಿಂದೆ ಕೂರುವುದು ಬೇಡ. ಕಾರು, ಇಲ್ಲದಿದ್ದರೆ ರಿಕ್ಷಾ.

ಹುಷಾರಿಲ್ಲದವರನ್ನು ನೋಡಲು ಹೊರಟರೆ ನಮ್ಮೂರಲ್ಲಿ ಕೈಯಲ್ಲಿ ಎರಡು ಬೊಂಡ (ಎಳನೀರು), ಒಂದು ಚಿಪ್ಪು ಬಾಳೆಹಣ್ಣು ಇದ್ದದ್ದೇ. ಡಯಾಲಿಸಿಸ್‌ನವರಿಗೆ ಎರಡೂ ಅಪಾಯ. ಎರಡರಲ್ಲೂ ಪೊಟ್ಯಾಶಿಯಂ ಜಾಸ್ತಿ. ಅದನ್ನು ಹೊರಹಾಕಲು ಕಿಡ್ನಿಗೆ ಆಗದೆ ರಕ್ತದಲ್ಲಿ ಏರಿದರೆ ಎದೆಬಡಿತವೇ ತಪ್ಪೀತು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲೂ ಪೊಟ್ಯಾಶಿಯಂ ಇರುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ತಿಂದರೆ ಬಾಯಾರಿಕೆ. ಅವರು ಕುಡಿಯುವುದೋ ಅಳತೆಯಲ್ಲಿ, ಚಹಾ, ಗಂಜಿ ತೆಳಿಯೂ ಆ ಅಳತೆಗೇ ಸೇರುತ್ತದೆ. ಹಾಗಾಗಿ ಊಟವನ್ನು ಹೆಂಡತಿ ಮಕ್ಕಳಿಗೆ ಒಯ್ಯಿರಿ. ಅವರು ಉಂಡರೋ ಇಲ್ಲವೋ ಅಂತ ಯಾರೂ ಕೇಳಿರುವುದಿಲ್ಲ.

ಪ್ರೀತಿಯಿಂದ ಕೈ ಹಿಡಿಯುವುದಾದರೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಜೋಡಿಸಿದ ರಕ್ತನಾಳ) ಮಾಡಿದ ಕೈ ಬಿಟ್ಟು ಇನ್ನೊಂದನ್ನು ಹಿಡಿಯಿರಿ. ಒತ್ತಿದರೆ ಆ ರಕ್ತನಾಳ ಕಟ್ಟಿಕೊಳ್ಳಬಹುದು. ಶೀತ, ಜ್ವರ ಇದ್ದರೆ ಹೋಗಲೇಬೇಡಿ. ‘ನಮ್ಮ ಭಾವನಿಗೂ ಹೀಗೇ ಆಗಿತ್ತು’ ಎಂಬ ಕಥೆ ಬೇಡ ಮಾರಾಯ್ರೇ, ಅದು ಹೆಚ್ಚಾಗಿ ಭಾವ ಹೋದಲ್ಲಿಗೇ ಮುಗಿಯುತ್ತದೆ. ‘ನೀರಿನ ಲೆಕ್ಕ ಒಂದು ದಿನವೂ ತಪ್ಪಿಸಲಿಲ್ಲವಲ್ಲ ಅಣ್ಣ’ ಎನ್ನಿ, ಅದು ನಿಜವಾಗಿದ್ದರೆ ಮಾತ್ರ.

ಪ್ರಶ್ನೆ: ತಂಗಿಯ ಮಗ ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ಫೇಲ್. ಕೋಣೆಯಿಂದ ಹೊರಗೆ ಬರುತ್ತಿಲ್ಲ. ‘ನೀನು ಬುದ್ಧಿವಂತ’ ಅಂತ ಎಷ್ಟು ಹೇಳಿದರೂ ಪ್ರಯೋಜನ ಇಲ್ಲ.
– ಓದುಗರು, ಕಾಪು

ಉತ್ತರ: ಅಂಕಪಟ್ಟಿ ಬೇರೆಯೇ ಹೇಳುತ್ತಿರುವಾಗ ಆ ಮಾತನ್ನು ಅವನು ನಂಬುವುದು ಹೇಗೆ? 2025ರ ಪಿಯು ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೇ ಮೊದಲು; ಇಂಥ ಜಿಲ್ಲೆಯಲ್ಲಿ ಫೇಲಾದ ಹುಡುಗನಿಗೆ ನಾಚಿಕೆ ಒಂದು ಪಾಲು ಹೆಚ್ಚೇ. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ಜೊತೆಗೆ ಕೂತು ನೋಡಿ. ‘ಪಾಲುದಾರಿಕೆ ಲೆಕ್ಕದ ಕ್ರಮ ಎಲ್ಲ ಸರಿ ಉಂಟು, ಕೂಡಿಸುವಾಗ ತಪ್ಪಿದ್ದು’ ಎಂದರೆ ಅವನಿಗೆ ಹಿಡಿದುಕೊಳ್ಳಲು ಏನೋ ಸಿಕ್ಕಿತು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮುಂದಿನದಕ್ಕೆ ಹೆಸರು ಕೊಡುವ ಕೊನೆಯ ದಿನ ಇವತ್ತೇ ವಿಚಾರಿಸಿ.

ನಿದ್ದೆ, ಊಟ ಬಿಟ್ಟಿದ್ದರೆ, ‘ನಾನಿದ್ದು ಏನು’ ಎಂಬ ಮಾತು ಬಂದರೆ, ಸಾಯುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬುದು ತಪ್ಪು ತಿಳಿವಳಿಕೆ. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416: ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಹಾಸಿಗೆ ಹಿಡಿದ ಅಮ್ಮನನ್ನು ಹೋಂ ನರ್ಸ್ ಒಬ್ಬರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಒಂದು ಸೀರೆ ಕೊಟ್ಟರೆ ಸಾಕಾ?
– ಓದುಗರು, ಮಣಿಪಾಲ

ಉತ್ತರ: ಸೀರೆ ಆಮೇಲೆ. ಸಂಬಳ ಹೇಳಿದ ತಾರೀಕಿಗೆ, ವಾರಕ್ಕೊಂದು ರಜೆ, ರಾತ್ರಿ ಎದ್ದಿದ್ದರೆ ಹಗಲು ನಿದ್ದೆಗೆ ಬಿಡುವು. ‘ಒಳ್ಳೆ ಕೆಲಸ’ ಎಂದು ತೇಲಿಸಬೇಡಿ. ‘ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿದ್ದಕ್ಕೇ ಅಮ್ಮನ ಬೆನ್ನಲ್ಲಿ ಒಂದು ಹುಣ್ಣೂ ಆಗಲಿಲ್ಲ’ ಎಂದು ಮನೆಯವರೆಲ್ಲ ಇರುವಾಗ ಹೇಳಿ. ಏಜೆನ್ಸಿಯಿಂದ ಬಂದವರಾದರೆ ಅದನ್ನೇ ನಾಲ್ಕು ಸಾಲು ಬರೆದು ಅಲ್ಲಿಗೂ ಕಳಿಸಿ. ಮುಂದಿನ ಮನೆಯಲ್ಲಿ ಸಂಬಳ ಮಾತಾಡುವಾಗ ಅವರಿಗೆ ಅದು ಉಪಯೋಗಕ್ಕೆ ಬರುತ್ತದೆ.