ಖುಷಿಯ ಟ್ಯೂನು, ಕಹಿ ಮಾತು

ಪ್ರಶ್ನೆ: ಅಮೆರಿಕದ ‘ರೀಲ್ ಬಿಗ್ ಫಿಶ್’ ಸಂಗೀತ ತಂಡದ ‘ಟರ್ನ್ ದ ರೇಡಿಯೋ ಆಫ್’ ಆಲ್ಬಮ್ಮನ್ನು ಗೆಳೆಯರು ಬಹಳ ಹೊಗಳುತ್ತಾರೆ. ನನಗೆ ಬರೀ ಗದ್ದಲ ಅನ್ನಿಸಿತು. ಅದರಲ್ಲಿ ಅಂಥದ್ದೇನಿದೆ?
– ಓದುಗರು, ಗಂಗಾವತಿ

ಉತ್ತರ: ಮೊಬೈಲ್ ಸ್ಪೀಕರಿನಲ್ಲಿ ಕೇಳಿದ್ದರೆ ಗದ್ದಲವೇ ಸರಿ, ಅಲ್ಲಿ ಬೇಸ್ ಗಿಟಾರ್ ಸತ್ತೇ ಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ‘ಸೆಲ್ ಔಟ್’ ಒಂದನ್ನೇ ಕೇಳಿ. ಬಾಯಲ್ಲಿ ‘ತಕ ತಕ’ ಎನ್ನುತ್ತ ‘ತ’ಕ್ಕೆ ಕಾಲು ತಟ್ಟಿ, ಚರಣದಲ್ಲಿ ಗಿಟಾರಿನ ಏಟು ‘ಕ’ಕ್ಕೆ ಬೀಳುತ್ತದೆ. ಅದು ಸ್ಕಾ ಎಂಬ ಸಂಗೀತ ಶೈಲಿ, 1950ರ ದಶಕದ ಕೊನೆಯಲ್ಲಿ ಜಮೈಕಾದಲ್ಲಿ ಹುಟ್ಟಿದ್ದು. ಪಲ್ಲವಿಗೆ ಬಂದಕೂಡಲೇ ಗಿಟಾರ್ ಡಿಸ್ಟಾರ್ಷನ್ನಿಗೆ (ನಾದವನ್ನು ಒರಟಾಗಿಸುವ ತಂತ್ರ) ತಿರುಗಿ ಗುಡುಗುತ್ತದೆ. ಅದು ಪಂಕ್, ರಾಕ್ ಸಂಗೀತದ ಒರಟು, ವೇಗದ ಬಗೆ. ಕುಣಿಸುತ್ತ ಕುಣಿಸುತ್ತ ತಟ್ಟನೆ ಕೂಗಿಸುವ ಆ ತಿರುವಿನಲ್ಲೇ ಮಜಾ ಇರುವುದು. ಟ್ರಂಪೆಟ್, ಟ್ರಾಂಬೋನುಗಳ ಮೆರವಣಿಗೆಯ ಉತ್ಸಾಹದ ಕೆಳಗೆ ಮಾತು ಮಾತ್ರ ಕಹಿ: ಹೋಟೆಲ್ ಕೆಲಸ ಬಿಟ್ಟು ರೆಕಾರ್ಡ್ ಕಂಪನಿಗೆ ತನ್ನನ್ನೇ ಮಾರಿಕೊಳ್ಳುವವನ ಹಾಡು. 1996ರ ಈ ಆಲ್ಬಮ್ಮಿನಿಂದ ತಂಡಕ್ಕೆ ಹೆಸರು ತಂದದ್ದೂ ಅದೇ ಹಾಡು!

ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ, ನಾಲ್ಕೈದು ಹಾಡಿಗೇ ಕಿವಿ ದಣಿಯುತ್ತದೆ. ಕೆಲವು ಜೋಕುಗಳು ಪೋಲಿ. ಮನೆಮಂದಿ ಇದ್ದಾಗ ಹಾಕುವಂಥವಲ್ಲ.

ಪ್ರಶ್ನೆ: ನಮ್ಮದು ಮದುವೆ ಬ್ಯಾಂಡ್‌ಸೆಟ್. ಟ್ರಂಪೆಟ್, ಆಲ್ಟೋ ಸ್ಯಾಕ್ಸೋಫೋನ್ ಇವೆ, ಈಗ ಗಿಟಾರಿನ ಹುಡುಗನೊಬ್ಬ ಸೇರಿದ್ದಾನೆ. ಸ್ಕಾ ಪಂಕ್ ನುಡಿಸಲು ಹೋದರೆ ಬೆರಳು ತಡವರಿಸುತ್ತವೆ, ಶ್ರುತಿಯೂ ಕೂಡುವುದಿಲ್ಲ.
– ಓದುಗರು, ಸಿರುಗುಪ್ಪ

ಉತ್ತರ: ಗಿಟಾರಿನವರಿಗೆ ‘ಇ’ ಸ್ಕೇಲ್ ಸಲೀಸು. ಆದರೆ ಅದೇ ನಾದಕ್ಕೆ ನಿಮ್ಮ ಊದುವ ವಾದ್ಯಗಳಲ್ಲಿ ಹೆಸರು ಬೇರೆ, ಶಾರ್ಪ್ (ಅರ್ಧ ಮೆಟ್ಟಿಲು ಏರಿಸಿದ ಸ್ವರ) ಹೆಚ್ಚಿದಷ್ಟೂ ಬೆರಳಿಗೆ ಕಷ್ಟ. ಅದೇ ‘ಇ’ ನಿಮ್ಮ ಬಿ ಫ್ಲ್ಯಾಟ್ ಟ್ರಂಪೆಟ್ಟಿಗೆ 6 ಶಾರ್ಪಿನ ಎಫ್ ಶಾರ್ಪ್, ಆಲ್ಟೋಗೆ 7 ಶಾರ್ಪಿನ ಸಿ ಶಾರ್ಪ್. ಬೆರಳು ತಡವರಿಸದೆ ಇನ್ನೇನು? ಗಿಟಾರಿನ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ. ಹುಡುಗ ‘ಇ’ ಹಿಡಿದರೂ ಹೊರಡುವುದು ಇ ಫ್ಲ್ಯಾಟ್. ಟ್ರಂಪೆಟ್ಟಿಗೆ ಎಫ್, ಆಲ್ಟೋಗೆ ಸಿ. ಕೀಬೋರ್ಡ್ ಇದ್ದರೆ ಟ್ರಾನ್ಸ್‌ಪೋಸ್ ಮೈನಸ್ 1. ಬಳ್ಳಾರಿ ಸೀಮೆಯ ಬಿಸಿಲಿಗೆ ಟ್ರಂಪೆಟ್ ಕಾದು ಶ್ರುತಿ ಏರುತ್ತದೆ. ಹತ್ತು ನಿಮಿಷ ಊದಿದ ಮೇಲೆ ಟ್ಯೂನಿಂಗ್ ಸ್ಲೈಡ್ (ಶ್ರುತಿ ಹೊಂದಿಸುವ ಜಾರುಕೊಳವೆ) ತುಸು ಹೊರಗೆಳೆದು ಮತ್ತೆ ಕೂಡಿಸಿಕೊಳ್ಳಿ.

ಗಿಟಾರಿನ ಏಟು ಕೆಳಗಿನಿಂದ ಮೇಲಕ್ಕೆ, ಸಣ್ಣ ಮೂರು ತಂತಿಗಳಿಗೆ ಮಾತ್ರ. ಬಾರಿಸಿದ ತಕ್ಷಣ ಎಡಗೈ ಒತ್ತಡ ಸಡಿಲಿಸಬೇಕು, ಬೆರಳು ತಂತಿಯ ಮೇಲೇ ಇರಲಿ. ಪೂರ್ತಿ ಎತ್ತಿದರೆ ಬಿಟ್ಟ ತಂತಿಗಳು ಝೇಂಕರಿಸುತ್ತವೆ. ವೇಗ ಹೆಚ್ಚಿದಂತೆ ಏಟು ಜಾರಿ ‘ತ’ಕ್ಕೇ ಬೀಳುವುದು ಹೊಸಬರಲ್ಲಿ ಸಾಮಾನ್ಯ. ನಿಮಿಷಕ್ಕೆ 100 ತಾಳದಿಂದ ಶುರುಮಾಡಿ ಐದೈದೇ ಏರಿಸಿ. ತಪ್ಪಿದಲ್ಲಿ ನಿಂತು ಹತ್ತು ಇಳಿಸಿ, ಮೊಣಕೈ ಅಲುಗದೆ ಮಣಿಕಟ್ಟಿನಿಂದಲೇ ಬಾರಿಸಲು ಹೇಳಿ.